ಆಡದೆ ಉಳಿದ ಭಾಷಣ

ಮೂವತ್ತು ವರ್ಷ ಕೋರ್ಟಿನಲ್ಲಿ ಗಂಟಲು ಹರಿದುಕೊಂಡ ವಕೀಲರು ಶಾಸಕರಾದ ಮೇಲೆ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಹಿಂದಿನ ಸಾಲಿನವರು ಮೇಜು ಕುಟ್ಟಬೇಕೇ ಹೊರತು ಮಾತಾಡಬಾರದೆಂಬುದು ಪಕ್ಷದ ಶಿಸ್ತು. ಇಂದು ಮಾತ್ರ ಅವರದೇ ಮಸೂದೆ: ಮೂರು ತಿಂಗಳ ನೋಟಿಸು ಕೊಡದೆ ಬಾಡಿಗೆದಾರರ ಪಾತ್ರೆಪಗಡ ಬೀದಿಗೆಸೆಯುವಂತಿಲ್ಲ. ಅಧಿವೇಶನದ ಕೊನೆಯ ದಿನ. ಐದಕ್ಕೆ ಸದನ ಮುಗಿದರೆ ಮಸೂದೆಯ ಕತೆಯೂ ಮುಗಿದಂತೆ.

ಕೈಯಲ್ಲಿ ಹನ್ನೊಂದು ಪುಟದ ಭಾಷಣ. ಕೊನೆಯ ಪುಟವಿಡೀ, ಮೇಲೆ ಗ್ಯಾಲರಿಯಲ್ಲಿ ಕೂತಿದ್ದ ಅವರ ಮುದಿ ಗುಮಾಸ್ತರಿಗೆ ಮೀಸಲು. ಕಾಲೇಜು ಕಾಯಿದೆ ಕಲಿಸಿತ್ತು. ವಕೀಲಿಕೆ ಕಲಿಸಿದವರು ಗುಮಾಸ್ತರು. ಅವರಿಗೆ ತುಂಬಿದ ಸದನದಲ್ಲಿ ಕೃತಜ್ಞತೆ ಹೇಳಬೇಕೆಂಬುದೊಂದೇ ಆಸೆ.

ಐದಕ್ಕೆ ಹತ್ತು ನಿಮಿಷವಿರುವಾಗ ವಿರೋಧ ಪಕ್ಷದ ನಾಯಕರು ಎದ್ದರು. "ನಮ್ದೇನೂ ಅಡ್ಡಿಯಿಲ್ಲ. ಮತಕ್ಕೆ ಹಾಕ್ಬಿಡಿ."

"ಮಂಡಿಸಿದವರು ಮಾತಾಡ್ತೀರಾ?" ಸಭಾಧ್ಯಕ್ಷರು ಕೇಳಿದರು.

ವಕೀಲರು ಎದ್ದರು. ಎರಡನೇ ಪುಟದಲ್ಲಿ ಮನೆ ಮಾಲೀಕರನ್ನು ಚೆನ್ನಾಗಿ ಝಾಡಿಸಿದ್ದರು. ಸದನದ ಎರಡೂ ಕಡೆ ಅರ್ಧದಷ್ಟು ಜನ ಮನೆ ಮಾಲೀಕರೇ. ಮೊದಲ ಕೇಸು ನೆನಪಾಯಿತು. ನ್ಯಾಯಾಧೀಶರು ಒಪ್ಪಿ ತಲೆಯಾಡಿಸಿದ ಮೇಲೂ ಅರ್ಧ ಗಂಟೆ ಕೊರೆದು, ಕೈಗೆ ಬಂದ ತುತ್ತನ್ನು ಎದುರಾಳಿಯ ಬಾಯಿಗೆ ಹಾಕಿದ್ದರು. ಅಂದು ಗುಮಾಸ್ತರು ಅಂದದ್ದಿಷ್ಟೇ: "ಗೆದ್ಮೇಲೆ ಕೂತ್ಕೋಬೇಕು, ವಕೀಲರೇ."

ಗ್ಯಾಲರಿಯತ್ತ ಒಮ್ಮೆ ನೋಡಿ ವಕೀಲರು ಕೂತರು. ಐದಕ್ಕೆ ನಾಲ್ಕು ನಿಮಿಷವಿರುವಾಗ ಮಸೂದೆ ಪಾಸಾಯಿತು.

ಮೊಗಸಾಲೆಯಲ್ಲಿ ಪಕ್ಷದ ಸಚೇತಕರು ಮೈಮೇಲೇ ಬಿದ್ದರು. "ಎಂಥಾ ಮನುಷ್ಯ ರೀ ನೀವು! ಅಡುಗೆ ನಿಮ್ದು, ಬಡಿಸಿದ ಪುಣ್ಯ ಆ ವಿರೋಧ ಪಕ್ಷದ ನಾಯಕನಿಗೆ! ಹೊರಗೆ ಟೀವಿಯವರ ಮುಂದೆ ಹಲ್ಲು ಕಿರಿತಾ ನಿಂತಿದಾನೆ, ಹೋಗಿ ನೋಡಿ. ಹೀಗಾದ್ರೆ ಮುಂದಿನ ಸಲ ಟಿಕೆಟ್ ಯಾರು ಕೊಡ್ತಾರೆ ನಿಮಗೆ?"

"ಕೊಡದಿದ್ರೆ ಕೋರ್ಟಿದೆಯಲ್ಲ ಸ್ವಾಮಿ."

ಅಷ್ಟರಲ್ಲಿ ಗುಮಾಸ್ತರು ಕಂಬಿ ಹಿಡಿದು ಮೆಟ್ಟಿಲಿಳಿದು ಬಂದರು. ಮುಖದಲ್ಲಿ ನಗುವಿಲ್ಲ.

"ನೋಟಿಸು ರಿಜಿಸ್ಟರ್ಡ್ ಪೋಸ್ಟಲ್ಲೇ ಕಳಿಸ್ಬೇಕು ಅಂತ ಹಾಕಿದೀರಾ? ಇಲ್ದಿದ್ರೆ 'ಕಳಿಸಿದ್ವಿ, ಅವ್ರಿಗೇ ಸಿಕ್ಕಿಲ್ಲ' ಅಂತಾರೆ ಮಾಲೀಕರು, ಕಳ್ಳರು."

"ಹಾಕಿದೀನಿ. ನಾಲ್ಕನೇ ಕಲಮು."

"ಸಹಿ ಹಾಕಿಸ್ಕೊಂಡ ರಸೀದಿ?"

"ಅದೂ ಇದೆ."

ಗುಮಾಸ್ತರು ತಲೆಯಾಡಿಸಿದರು. "ಹಾಗಾದ್ರೆ ಸರಿ."

ಮೂವತ್ತು ವರ್ಷದಲ್ಲಿ ಅವರು ತಪ್ಪು ತೆಗೆಯದೆ ಬಿಟ್ಟ ಮೊದಲ ಕಾಗದ ಅದು. ವಕೀಲರು ಆ ಒಣ ಕೈಗಳನ್ನು ಹಿಡಿದುಕೊಂಡರು. ಮಾತೇ ದುಡಿಮೆಯಾಗಿದ್ದ ಬಾಯಲ್ಲಿ ಆ ಕೊನೆಯ ಪುಟವಿಡೀ ಎರಡೇ ಶಬ್ದಕ್ಕಿಳಿಯಿತು.

"ನಿಮ್ಮಿಂದಲೇ, ಅಣ್ಣ."