ಮೂಗುಬಟ್ಟೆ

ಟ್ರಂಕಿನ ಮುಚ್ಚಳ ಮೇಲೆದ್ದಿತೇ ಹೊರತು ನಿಲ್ಲಲಿಲ್ಲ. ಸೂಜಿ ಅದನ್ನು ತಲೆಯಿಂದಲೇ ತಡೆದು ಎರಡೂ ಕೈಗಳನ್ನು ಒಳಗೆ ತೂರಿಸಿದಳು. ನುಸಿಗುಳಿಗೆಯ ವಾಸನೆ ಮುಖಕ್ಕೆ ರಾಚಿತು. ಆ ವಾಸನೆ ಬಂದಾಗಲೆಲ್ಲ ಅವಳಿಗೆ ಅಮ್ಮನ ನೆನಪಾಗುತ್ತಿತ್ತು.

“ಹುಷಾರು ಕಣೇ ಸೂಜಿ, ಅದು ಬಿದ್ರೆ ಇನ್ನೊಂದು ಪೆಟ್ಟಿಗೆ ಮಾಡ್ಬೇಕಾಗುತ್ತೆ ನಾನು,” ಎಂದ ಬಾಗಿಲಲ್ಲಿ ನಿಂತಿದ್ದ ಬಡಗಿ.

“ನಿನ್ನ ಪೆಟ್ಟಿಗೇಲಿ ಮಲಗೋದಕ್ಕಿಂತ ಬರಿ ನೆಲವೇ ವಾಸಿ ಬಿಡೋ.”

ಇಬ್ಬರೂ ಕಲ್ಲು ಒಡೆಯುವವರ ಮಕ್ಕಳು. ಇದೇ ಮಕ್ಕಳ ಮನೆಯಲ್ಲಿ ಉಂಡು, ಓದಿ, ಕಿತ್ತಾಡಿ ಬೆಳೆದವರು. ಈಗ ಅವಳು ದರ್ಜಿ. ದೊಡ್ಡಮ್ಮನ ಶವಪೆಟ್ಟಿಗೆಗೆ ಅವನೇ ಬೆಳಗಿನಿಂದ ಉಜ್ಜುಗೊರಡು ಹಿಡಿದಿದ್ದ. ಕಣ್ಣು ಕೆಂಪಗಾಗಿದ್ದವು, ಕೇಳಿದವರಿಗೆಲ್ಲ ಮರದ ಹೊಟ್ಟು ಬಿತ್ತು ಎನ್ನುತ್ತಿದ್ದ.

ಹಜಾರದ ಬೆಂಚಿನ ಮೇಲೆ ದೊಡ್ಡಮ್ಮ ಮಲಗಿದ್ದರು. ಈ ಮನೆಯನ್ನು ನಡೆಸಿದವರು ಅವರು. ಜಲ್ಲಿರಾಶಿಯ ಮೇಲೆ ಕೂತು, “ಸುತ್ತಿಗೆ ಎಲ್ಲಿಗೂ ಓಡಿಹೋಗಲ್ಲಮ್ಮ, ಬಳಪ ಹಿಡಿಯೋ ವಯಸ್ಸು ಓಡಿಹೋಗುತ್ತೆ,” ಎಂದು ತಾಯಂದಿರ ಜೊತೆ ಜಗಳವಾಡಿ ಮಕ್ಕಳನ್ನು ಶಾಲೆಗೆ ತಂದವರು.

“ಚಳಿ ಅಂದ್ರೆ ನಡುಗ್ತಿದ್ರು,” ಅಡುಗೆಯಕ್ಕ ಮೂಗು ಒರೆಸಿಕೊಂಡಳು. “ನೀಲಿ ಶಾಲು ಇಟ್ಕೊಂಡೂ ಯಾಕೋ ಹೊದೀತಾನೇ ಇರ್ಲಿಲ್ಲ. ಇವತ್ತಾದ್ರೂ ಹೊದಿಸ್ರಮ್ಮ.”

ಶಾಲು ಟ್ರಂಕಿನ ತಳದಲ್ಲಿತ್ತು. ಅವಳು ಕೊಡವಿ ಬಿಡಿಸಿದಳು. ನೀಲಿ ಚೌಕಳಿ. ಒಂದು ಮೂಲೆ ಇರಲಿಲ್ಲ.

“ಥೂ, ಹಾಳಾದ ಇಲಿ!” ಎಂದಳು ಅಡುಗೆಯಕ್ಕ.

ಇಲಿ ಕಡಿದರೆ ಅಂಚು ಎಳೆಎಳೆಯಾಗಿರುತ್ತದೆ. ಇದು ಕತ್ತರಿ ಆಡಿದ ಅಂಚು. ದರ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

*

ಮಗುವನ್ನು ಬಿಡಲು ಬಂದ ತಾಯಿಯ ಹತ್ತಿರ ದೊಡ್ಡಮ್ಮ ಕೇಳುತ್ತಿದ್ದುದು ಉಟ್ಟು ಹಳತಾದ ಬಟ್ಟೆಯ ಒಂದು ತುಂಡು. ಅದನ್ನು ಮಗುವಿನ ದಿಂಬಿಗೆ ತಾವೇ ಹೊಲಿಯುತ್ತಿದ್ದರು. ದೀಪ ಆರಿದ ಮೇಲೆ ಮಕ್ಕಳು ಅದಕ್ಕೆ ಮೂಗು ಒತ್ತಿಕೊಂಡು ನಿದ್ದೆ ಹೋಗುತ್ತಿದ್ದವು. ಅದಕ್ಕೇ ಅದು ಮೂಗುಬಟ್ಟೆ.

ಸೂಜಿಯ ದಿಂಬು ಮಾತ್ರ ಬೋಳು. ಅವಳಮ್ಮ ಗೇಟಿನ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, “ಈಗ ಬಂದೆ” ಎಂದು ಹೋದವಳು ಹೋಗಿಯೇ ಬಿಟ್ಟಿದ್ದಳು. ಸೂಜಿ ನಿದ್ದೆ ಮಾಡಲಿಲ್ಲ, ಬಳಪ ಮುಟ್ಟಲಿಲ್ಲ. ಶಾಲೆ ಬಿಟ್ಟರೆ ಗೇಟು, ಗೇಟು ಬಿಟ್ಟರೆ ಅಳು.

ಒಂದು ಸಂಜೆ ದೊಡ್ಡಮ್ಮ ಕರೆದರು. “ನಿಮ್ಮಮ್ಮ ಬಂದಿದ್ಲು ಕಣೇ. ನೀನು ಪಾಠದಲ್ಲಿದ್ದೆ, ಲಾರಿಯವನು ಅವಸರ ಮಾಡ್ದ. ಇದನ್ನ ಕೊಟ್ಟು, ಚೆನ್ನಾಗಿ ಓದು ಅಂತ ಹೇಳಿ ಹೋದ್ಲು.”

ನೀಲಿ ಚೌಕಳಿಯ ಬೆಚ್ಚಗಿನ ತುಂಡು. ನುಸಿಗುಳಿಗೆಯ ವಾಸನೆ. ಅವಳು ಮೂಗು ಒತ್ತಿದಳು.

ಆ ಮನೆಯಲ್ಲಿ ಸುಳ್ಳು ಹೇಳಿದವರು ನಲ್ಲಿಯ ಹತ್ತಿರ ಹೋಗಿ ನಾಲಿಗೆಗೆ ಸೋಪು ಉಜ್ಜಿಕೊಳ್ಳಬೇಕಿತ್ತು. ಅಲ್ಲಿನ ಅರ್ಧ ಸೋಪನ್ನು ತಾನೇ ತಿಂದವನು ಎಂದು ಬಡಗಿ ಈಗಲೂ ಜಂಬ ಕೊಚ್ಚುತ್ತಾನೆ. ಅಂದು ಪ್ರಾರ್ಥನೆಗೆ ಮುಂಚೆ ಕೈಕಾಲು ತೊಳೆಯಲು ಹೋದ ಸೂಜಿ, ನಲ್ಲಿಯ ಮುಂದೆ ಬಾಗಿ ನೊರೆ ಉಗುಳುತ್ತಿದ್ದ ದೊಡ್ಡಮ್ಮನನ್ನು ಕಂಡು ಬೆರಗಾದಳು.

“ದೊಡ್ಡಮ್ಮ, ನೀವ್ಯಾಕೆ?”

“ತಿನ್ಸೋರಿಗೂ ರುಚಿ ಗೊತ್ತಿರ್ಬೇಕಲ್ವೇನೇ? ನಡಿ, ಪ್ರಾರ್ಥನೆಗೆ ಹೊತ್ತಾಯ್ತು.”

ಆ ರಾತ್ರಿ ಸೂಜಿ ನಿದ್ದೆ ಮಾಡಿದಳು. ಮಾರನೆಯ ದಿನ ಬಳಪ ಹಿಡಿದಳು.

*

ಮೂಗುಬಟ್ಟೆ ಅವಳ ಕೈಚೀಲದ ಒಳಜೇಬಿನಲ್ಲಿತ್ತು. ಮದುವೆಯ ದಿನವೂ, ಹೆರಿಗೆಯ ದಿನವೂ ಅಲ್ಲೇ ಇತ್ತು. ಅಮ್ಮ ಒಮ್ಮೆಯಾದರೂ ತಿರುಗಿ ಬಂದಿದ್ದಳು ಎನ್ನುವುದಕ್ಕೆ ಅವಳ ಬಳಿ ಇದ್ದದ್ದು ಅದೊಂದೇ. ಈಗ ಅದನ್ನು ತೆಗೆದು ಶಾಲಿನ ಕತ್ತರಿಸಿದ ಮೂಲೆಗೆ ಹಿಡಿದಳು. ಅತ್ತಲಿನ ಗೆರೆ ಇತ್ತಲಿನ ಗೆರೆಗೆ ಹೋಗಿ ಕೂತಿತು. ಶಾಲು ಇನ್ನೂ ಕಡುನೀಲಿ. ತುಂಡು ಮಾತ್ರ ತೊಳೆದು ತೊಳೆದು ಬೂದಿಬಣ್ಣಕ್ಕೆ ತಿರುಗಿತ್ತು.

ಅವಳು ಹೊಲಿಯುವ ಸೂಜಿಗೆ ದಾರ ಪೋಣಿಸಿದಳು.

“ಅಲ್ವೇ, ಇದು ನಿನ್ನ ಮೂಗುಬಟ್ಟೆ!” ಬಡಗಿ ಬಗ್ಗಿ ನೋಡಿದ. “ನಿಮ್ಮಮ್ಮ ಕೊಟ್ಟಿದ್ದು ಇದಕ್ಕೆ ಹೇಗೆ ಹೊಂದ್ಕೊಳ್ತು?”

ಹಜಾರದಲ್ಲಿ ಮನೆಯ ಈಗಿನ ಮಕ್ಕಳು ಹಾಡು ನಿಲ್ಲಿಸಿ ಇತ್ತ ನೋಡುತ್ತಿದ್ದವು. ಒಂದೊಂದರ ದಿಂಬಿನ ಮೇಲೂ ಅಮ್ಮನದೆಂದು ನಂಬಿದ ಒಂದೊಂದು ತುಂಡಿತ್ತು.

“ಅಮ್ಮನ ಹತ್ರಾನೂ ಇಂಥದೇ ಶಾಲಿತ್ತು ಕಣೋ,” ಅವಳು ತಲೆ ಎತ್ತಲಿಲ್ಲ. “ಇದರ ಮೂಲೆ ಇಲಿ ಕಡಿದಿದೆ, ಅಷ್ಟೇ.”

ದಾರವನ್ನು ಹಲ್ಲಿನಿಂದ ಕಡಿದಳು. ಶಾಲು ಹೊದಿಸುವಾಗ ಆ ಮೂಲೆಯನ್ನು ಎಳೆದು ದೊಡ್ಡಮ್ಮನ ಕೆನ್ನೆಯ ಕೆಳಗೆ, ಮೂಗಿಗೆ ತಾಗುವಂತೆ ಮಡಿಸಿಟ್ಟಳು. ಪಾದ್ರಿಗಳು ಪ್ರಾರ್ಥಿಸಿದರು. ಬಡಗಿ ಮೊಳೆ ಹೊಡೆದ. ಒಂದು ಏಟು ಹೆಬ್ಬೆರಳಿಗೇ ಬಿತ್ತು.

ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ನಲ್ಲಿಯಲ್ಲಿ ಕೈ ತೊಳೆದು ಒಳಗೆ ಹೋದರು. ಅವಳು ಎಲ್ಲರನ್ನೂ ಮುಂದೆ ಬಿಟ್ಟು ನಿಂತಳು. ಅಂಗಳ ಖಾಲಿಯಾದ ಮೇಲೆ, ಡಬ್ಬಿಯ ಮುಚ್ಚಳದಲ್ಲಿದ್ದ ಸೋಪನ್ನು ಎತ್ತಿಕೊಂಡು ಒದ್ದೆ ಮಾಡಿ, ನಾಲಿಗೆ ಚಾಚಿದಳು.