ಸಭೆಯ ಮೂರು ಚೀಲ ಕಸ

"ಏಯ್, ಆ ಕುರ್ಚಿಗೆ ಅಂಡೂರಬೇಡ್ವೇ ಮುಂಡೆ! ಬಿಳಿ ಬಟ್ಟೆ ಹೊದ್ಸಿರೋದು ಕಾಣ್ಸಲ್ವಾ? ಹೊರಗೆ ನಿಂತ್ಕೊ, ಕರೆದಾಗ ಬಾ."

ಪಂಚಾಯಿತಿ ಪಿಡಿಒ ಕಿರಣ್‌ಕುಮಾರ್ ಹಾಗೆ ಗದರಿದಾಗ ಸುಮಿತ್ರಮ್ಮ ಇನ್ನೂ ಕೂತೇ ಇರಲಿಲ್ಲ. ಕುರ್ಚಿಯ ಬೆನ್ನಿಗೆ ಕೈಯಿಟ್ಟಿದ್ದಳಷ್ಟೇ. ರೆಸಾರ್ಟಿನ ಸಭಾಂಗಣದ ತುಂಬ ಜನ ತಿರುಗಿ ನೋಡಿದರು. ಅವಳ ಮುಖಕ್ಕೆ ರಕ್ತ ನುಗ್ಗಿತು. ಸೆರಗು ಬಿಗಿಮಾಡಿಕೊಂಡು ಹೊರಗೆ ಬಂದಳು.

ಹನ್ನೊಂದು ವರ್ಷದಿಂದ ಅವಳದು ಪಂಚಾಯಿತಿಯ ಕಸದ ಶೆಡ್ಡಿನಲ್ಲಿ ಕೆಲಸ. ಕಕ್ಕಬೆ ಕಡೆಯ ಹೋಂಸ್ಟೇಗಳಿಂದ ಬಿಯರ್ ಬಾಟಲಿ, ಚಿಪ್ಸ್ ಕವರು, ಮಕ್ಕಳ ಹೇಲಿನ ಡೈಪರು ಎಲ್ಲ ಒಂದೇ ಚೀಲದಲ್ಲಿ ಬರುತ್ತಿದ್ದವು. ಅವಳೂ ಇನ್ನು ಎಂಟು ಹೆಂಗಸರೂ ಬರಿಗೈಯಲ್ಲಿ ಬಿಡಿಸುತ್ತಿದ್ದರು. ಯಾವ ಪ್ಲಾಸ್ಟಿಕ್ಕು ಯಾವ ಗುಡ್ಡೆಗೆ ಎಂದು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಬೆರಳಲ್ಲಿ ತಿಕ್ಕಿ ಸದ್ದು ಕೇಳಿದರೆ ಸುಮಿತ್ರಮ್ಮನಿಗೆ ಗೊತ್ತಾಗುತ್ತಿತ್ತು. ಬಿಡಿಸಿದ್ದನ್ನು ಗುಜರಿಗೆ ಹಾಕಿ ಬಂದ ದುಡ್ಡಲ್ಲಿ ಒಂಬತ್ತು ಮನೆಗಳ ಒಲೆ ಉರಿಯುತ್ತಿತ್ತು.

ರೆಸಾರ್ಟಿನ ಗೋಡೆಯ ಮೇಲೆ ದೊಡ್ಡ ಬ್ಯಾನರ್ ಕಟ್ಟಿದ್ದರು: 'ವರ್ತುಲ ಆರ್ಥಿಕತೆ – ರಾಷ್ಟ್ರೀಯ ನೀತಿ ಚೌಕಟ್ಟು – ಸಮಾಲೋಚನಾ ಸಭೆ'. ದಿಲ್ಲಿಯಿಂದ ಬಂದಿದ್ದ ಸ್ಪಂದನಾ ಮೇಡಂ ಪರದೆಯ ಮೇಲೆ ಒಂದು ಚಕ್ರ ತೋರಿಸಿ, ಕಸ ಅನ್ನುವುದೇ ಇಲ್ಲ, ಎಲ್ಲವೂ ಸಂಪತ್ತು ಎನ್ನುತ್ತಿದ್ದಳು. ಕಸದ ಆಟೋ ಓಡಿಸುವ ಚಿಕ್ಕ ಎಂಬ ಹುಡುಗ ಹೊರಗಿನಿಂದ ಕಿಟಕಿಯ ಗಾಜಿಗೆ ಮೂಗೊತ್ತಿ ನೋಡಿದ.

"ಅಕ್ಕ, ಚಕ್ರದಾಗೆ ಅಂಗಡಿ ಐತೆ, ಲಾರಿ ಐತೆ, ಫ್ಯಾಕ್ಟ್ರಿ ಐತೆ. ಕಸ ಆಯೋರೇ ಇಲ್ವಲ್ಲಕ್ಕ."

"ನಮ್ಮ ಚಿತ್ರ ಬರೆದ್ರೆ ಪರದೆ ನಾತ ಹೊಡೀತದೆ ಕಣೋ," ಎಂದಳು ಸುಮಿತ್ರಮ್ಮ.

ಊಟ ಮುಗಿದು ಸಭೆ ಮತ್ತೆ ಸೇರುವ ಹೊತ್ತಿಗೆ ಕಿರಣ್‌ಕುಮಾರ್ ಹಲ್ಲು ಚುಚ್ಚಿಕೊಳ್ಳುತ್ತ ಹೊರಗೆ ಬಂದ. ಕೈಯಲ್ಲಿ ಒಂದು ಹಾಳೆಯಿತ್ತು, ಪೂರ್ತಿ ಇಂಗ್ಲಿಷು.

"ಒಂದನೇ ತಾರೀಕಿಂದ ಶೆಡ್ಡು ಕಂಪನಿಗೆ. ಮೆಷಿನ್ ಬರ್ತದೆ. ಕಸದೋರನ್ನೂ ಕೇಳಿದ್ದೀವಿ, ಒಪ್ಪಿದ್ದಾರೆ ಅಂತ ಮೇಡಮ್ಮಿಗೆ ಬೇಕಂತೆ. ಒಂಬತ್ತು ಜನದ ಪರವಾಗಿ ನೀನೊಂದು ಸೈನ್ ಹಾಕು."

"ನಾವೆಲ್ಲಿಗೋಗಾದು ಸಾ?"

"ಎಸ್ಟೇಟಿಗೆ ಹೋಗಿ ಕಾಫಿ ಪಿಕ್ಕಿಂಗ್ ಮಾಡಿ. ನಾನೇನು ನಿನ್ ಗಂಡನಾ, ಸಾಕೋಕೆ? ಸೈನ್ ಹಾಕ್ಲಿಲ್ಲ ಅಂದ್ರೆ ನಾಳೆಯಿಂದ್ಲೇ ಬೀಗ."

"ಓದಿಸ್ಕಂಡು ಹಾಕ್ತೀನಿ."

"ದೊಡ್ಡ ಲಾಯರಮ್ಮ ನೀನು! ಅಲ್ಲೀಗಂಟ ಇದನ್ನ ನೋಡ್ಕೊ."

ಅವನು ಸನ್ನೆ ಮಾಡಿದ. ಅಡುಗೆಮನೆಯವರು ಮೂರು ಕರಿ ಚೀಲ ತಂದು ಅವಳ ಕಾಲ ಬುಡದಲ್ಲಿ ಒಗೆದರು. ಒಂದರ ಬಾಯಿ ಬಿಚ್ಚಿಕೊಂಡಿತು. ಸಾರು ಸುರಿದ ಅನ್ನ, ಪಂದಿಕರಿಯ ಹಂದಿಮೂಳೆ, ಅರ್ಧ ಕುಡಿದ ನೀರಿನ ಬಾಟಲಿ, ಮೂಗು ಒರೆಸಿದ ಕಾಗದ, ಒಡೆದ ಗ್ಲಾಸು, ಎಲ್ಲ ಕಲಸುಮೇಲೋಗರ. ಬೆಳಗ್ಗೆಯಿಂದ ಅವಳ ಹೊಟ್ಟೆಗೂ ಚಿಕ್ಕನ ಹೊಟ್ಟೆಗೂ ಬಿದ್ದಿದ್ದು ಒಂದೊಂದು ಲೋಟ ಕಾಫಿ. ಆ ಚೀಲ ನೋಡುತ್ತಿದ್ದಂತೆ ಸುಮಿತ್ರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಕಸ ಬೇರೆ ಮಾಡಿ ಎಂದು ದೇಶಕ್ಕೇ ಹೇಳಲು ಬಂದವರು ತಿಂದೆದ್ದ ಎಂಜಲು ಅದು.

ಬಿಚ್ಚಿದ ಚೀಲವನ್ನು ಹೆಗಲಿಗೇರಿಸಿದಳು. ಸಾರು ಬೆನ್ನ ಮೇಲೆ ಇಳಿಯಿತು.

"ಅಕ್ಕ, ಆಟೋ ಈಕಡೆ," ಎಂದ ಚಿಕ್ಕ.

"ಗೊತ್ತು ಕಣೋ."

ಅವಳು ಬಾಗಿಲು ತಳ್ಳಿ ಒಳಗೆ ನಡೆದಳು. ವೇದಿಕೆಯ ಮುಂದಿನ ಉದ್ದ ಮೇಜಿನ ಬಿಳಿ ಬಟ್ಟೆಯ ಮೇಲೆ ಚೀಲವನ್ನು ಬೋರಲು ಹಾಕಿದಳು. ಯಾರೋ ಕಿರುಚಿದರು. ಬಿಳಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತು ಬಿಡಿಸತೊಡಗಿದಳು. ಬಾಟಲಿ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ, ಮೂಳೆ ಮತ್ತೊಂದು ಕಡೆ. ಗಾಜಿನ ಚೂರು ಬೆರಳಿಗೆ ಹೊಕ್ಕರೂ ಕೈ ನಿಲ್ಲಲಿಲ್ಲ.

"ಏನಿದು?" ಎಂದಳು ಸ್ಪಂದನಾ ಮೇಡಂ, ಮೂಗಿಗೆ ಕರ್ಚೀಫು ಹಿಡಿದು.

"ನಿಮ್ಮ ಸಂಪತ್ತು ತಾಯಿ. ನಮ್ಮನ್ನ ಕೇಳೋಕೆ ಕರೆಸಿದ್ರಂತಲ್ಲ, ಕೇಳಿ. ನಾನೂ ಕೂತಿವ್ನಿ."

ಕಿರಣ್‌ಕುಮಾರ್ ಓಡಿ ಬಂದ. "ಬೋಳಿ, ಮರ್ಯಾದೆ ತೆಗ್ದೆಯಲ್ಲೇ! ಸೈನ್ ಹಾಕಿ ತೊಲಗು, ಪೊಲೀಸರನ್ನ ಕರೀತೀನಿ!" ಎಂದು ಹಾಳೆಯನ್ನು ಅವಳ ಮುಖಕ್ಕೆ ಹಿಡಿದ.

ಸುಮಿತ್ರಮ್ಮ ಹಾಳೆ ಇಸಿದುಕೊಂಡಳು. ಬೆರಳಿನ ರಕ್ತವನ್ನೂ ಸಾರನ್ನೂ ಅದಕ್ಕೇ ಒರೆಸಿದಳು, ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು. ಮುದ್ದೆ ಮಾಡಿ ಮೂಳೆಯ ಗುಡ್ಡೆಗೆ ಎಸೆದಳು.

"ಸಾರು ಮೆತ್ತಿದ ಕಾಗ್ದ ಯಾವ ಗುಜರಿಯೋನೂ ತಗಳಾಕಿಲ್ಲ ಸಾ. ಕರೀರಿ ಪೊಲೀಸರನ್ನ. ಅವ್ರು ಬರೋ ಹೊತ್ಗೆ ಇದು ಮುಗೀತದೆ."

ಅವಳು ಬಾಗಿಲ ಕಡೆ ತಿರುಗಿ ಕೂಗಿದಳು.

"ಚಿಕ್ಕಾ, ಇನ್ನೆರಡು ಚೀಲ ತಗಂಬಾರೋ. ಶೆಡ್ಡಿಗೆ ಫೋನ್ ಮಾಡು, ಎಲ್ರೂ ಇಲ್ಲಿಗೇ ಬರ್ಲಿ. ಕುರ್ಚಿ ಬೇಕಾದಷ್ಟವೆ."