ಪರದೆಗೆ ಬಾರದ ಮುಖ

ಫೋಟೋ ತೆಗೆಯುವ ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಮಧ್ಯಾಹ್ನ, ಅಕ್ಕ ಅವನ ಊಟ ಮುಚ್ಚಿಟ್ಟು ತಾನು ತಟ್ಟೆ ಹಾಕಿಕೊಳ್ಳುತ್ತಿದ್ದಾಗ. ಪಕ್ಕದ ಊರಿನ ಮದುವೆಯೊಂದರಲ್ಲಿ ಗುಂಪಿನ ಚಿತ್ರ ತೆಗೆದು, "ಯಾರೂ ಅಲ್ಲಾಡಬೇಡಿ, ಇನ್ನೊಂದು" ಎಂದು ಹೇಳಿ, ಸುಸ್ತೆಂದು ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲವಂತೆ. ಮದುವೆಯ ಜನ ಎಷ್ಟು ವಿಧೇಯರೆಂದರೆ, ಅವನು ಏಳುತ್ತಾನೆಂದು ಬಹಳ ಹೊತ್ತು ಹಲ್ಲು ಕಿರಿದುಕೊಂಡೇ ನಿಂತಿದ್ದರಂತೆ.

ದೇವರು ಮಾಡುವುದರಲ್ಲಿ ತಪ್ಪಿರುವುದಿಲ್ಲವೆಂದು ಅಕ್ಕ ಚಿಕ್ಕಂದಿನಿಂದ ನಂಬಿದವಳು. ಆ ದಿನವೂ ನಂಬಿದಳು. ಸ್ವಲ್ಪ ಹಲ್ಲು ಕಚ್ಚಿಕೊಂಡು ನಂಬಿದಳು, ಅಷ್ಟೆ. ತಮ್ಮ ಮದುವೆಯಾಗದವನು, ಅಕ್ಕ ಗಂಡನನ್ನು ಕಳೆದುಕೊಂಡವಳು. ರಸ್ತೆಯ ಕಡೆಗಿನ ಕೋಣೆ ಅವನ ಸ್ಟುಡಿಯೋ, ಹಿಂದಿನ ಎರಡು ಕೋಣೆ ಇಬ್ಬರ ಸಂಸಾರ. ಹೀಗೆ ಇಷ್ಟು ವರ್ಷ ಒಬ್ಬರ ಮೇಲೊಬ್ಬರು ಗೊಣಗಿಕೊಂಡು ಸುಖವಾಗಿ ಬದುಕಿದ್ದರು.

ಸಂಜೆಯೊಳಗೆ ತಂಗಿ ಬಂದಳು, ಬೀದಿಯ ತಿರುವಿನಿಂದಲೇ ಅಳುತ್ತ. ಅವಳ ಹಿಂದೆ ಅವಳ ಗಂಡ, ಅಳದೆ. ಅವನನ್ನು ಬಂಧುಬಳಗವೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಹುಟ್ಟಿದಾರಭ್ಯ ಒಂದು ಇಟ್ಟಿಗೆ ಎತ್ತಿದವನಲ್ಲ. ಯಾರು ಯಾವ ಕೆಲಸ ಮಾಡುತ್ತಿದ್ದರೂ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು "ಹಾಗಲ್ಲ, ಹೀಗೆ" ಎನ್ನುವ ಚಾಳಿಯಿಂದ ದಕ್ಕಿದ ಪಟ್ಟ ಅದು. ಅವನಿಗೂ ತಮ್ಮನಿಗೂ ಬಲು ಸ್ನೇಹ. ಆದರೆ ಅಳಲು ಬಾರದ ಗಂಡಸರ ಕೈಗೆ ದೇವರು ಪೊರಕೆ ಕೊಡುತ್ತಾನೆಂದು ಕಾಣುತ್ತದೆ. ಬರುವ ಜನಕ್ಕೆ ಕೂರಲು ಜಾಗ ಬೇಕೆಂದು ಮೇಸ್ತ್ರಿ ಸ್ಟುಡಿಯೋ ತೆರವು ಮಾಡಲು ನಿಂತ. ದೀಪದ ಕಂಬಗಳು, ಪರದೆಗಳು, ಬೆಳಕಿಗೆ ಹಿಡಿಯುವ ಕೊಡೆಗಳು ಎಲ್ಲ ಅಟ್ಟಕ್ಕೆ ಹೋದವು. ಮೇಜಿನ ಮೇಲಿದ್ದ ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತು, ಪೆಟ್ಟಿಗೆಯನ್ನು ಹಿಂದೆ ಮುಂದೆ ಒರೆಸಿ, ಅಂಟಿದ್ದ ಹಳೆಯ ಚೀಟಿ ಪಟ್ಟಿಗಳನ್ನು ಉಗುರಿನಿಂದ ಕೆರೆದು, ಹಿಂದಿನ ಕೋಣೆಗೆ ಸಾಗಿಸಿ, ಮತ್ತೆ ಎಲ್ಲ ಜೋಡಿಸಿ, ವೈರುಗಳಿಗೆ ಜಡೆ ಹೆಣೆದು ಬಿಟ್ಟ. ಅಷ್ಟು ಚೆಂದದ ವೈರು ತಮ್ಮ ಬದುಕಿದ್ದಾಗ ಕಂಡಿರಲಿಲ್ಲ.

ಅಂತ್ಯಕ್ರಿಯೆ ಮುಗಿಯಿತು. ಅವನ ನೆನಪಿಗೆ ಪ್ರಾರ್ಥನೆ ಸಭೆ ಎಂದು ನಿಶ್ಚಯವಾಯಿತು. ಸಭೆಯ ಹಿಂದಿನ ದಿನ ಬೆಳಿಗ್ಗೆ ಚೌಕಟ್ಟಿನ ಅಂಗಡಿಯವನು ಬಾಗಿಲಲ್ಲಿ ನಿಂತು ಕೇಳಿದ:

"ಅಮ್ಮಾ, ಫೋಟೋ?"

ಆಗ ಗೊತ್ತಾಯಿತು, ಊರಿಗೆಲ್ಲ ಫೋಟೋ ತೆಗೆದವನದೊಂದು ಫೋಟೋ ಮನೆಯಲ್ಲಿಲ್ಲ. ಆಲ್ಬಮ್ಮುಗಳಲ್ಲಿ ಅವನು ಕ್ಯಾಮೆರಾದ ಹಿಂದೆಯೇ. ಒಂದರಲ್ಲಿ ಮೊಣಕೈ ಇದೆ, ಇನ್ನೊಂದರಲ್ಲಿ ನೆಲದ ಮೇಲೆ ನೆರಳಿದೆ. ಅವನ ಫೋನು ಯಾರಿಗೂ ಗೊತ್ತಿಲ್ಲದ ಅಂಕೆಗಳ ಹಿಂದೆ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಉಳಿದದ್ದು ಗುರುತಿನ ಚೀಟಿ. ಅದನ್ನು ಸರ್ಕಾರದ ಯಾವನೋ ಟ್ಯೂಬ್‌ಲೈಟಿನ ಕೆಳಗೆ ತೆಗೆದಿದ್ದ. ಅದರಲ್ಲಿ ತಮ್ಮ, ಕೋಳಿ ಕದ್ದು ಸಿಕ್ಕಿಬಿದ್ದು ಕೋಳಿಯ ಮೇಲೆಯೇ ತಪ್ಪು ಹೊರಿಸುವವನಂತೆ ಕಾಣುತ್ತಿದ್ದ.

"ಇದನ್ನೇ ದೊಡ್ಡದು ಮಾಡಿದರಾಯ್ತು" ಎಂದ ಚೌಕಟ್ಟಿನವನು. "ಬಾಗಿಲಷ್ಟು ಮಾಡಿಕೊಡ್ತೀನಿ."

"ಸಾಮಾನ್ಯ ಅಳತೆಯ ಕಳ್ಳ ಸಾಕಪ್ಪ, ಬಾಗಿಲಷ್ಟು ಯಾಕೆ?" ಎಂದಳು ಅಕ್ಕ.

ಊರಿನ ಮಾಲುಗಣ್ಣು, ಬೋಳುತಲೆ, ಮೊಡವೆಗಳನ್ನೆಲ್ಲ ತಿದ್ದಿ ತೀಡಿ ಗಂಡು ಹೆಣ್ಣು ಒಪ್ಪುವಂತೆ ಮಾಡಿದವನು ತನ್ನ ಕೊನೆಯ ಸಭೆಯಲ್ಲಿ ಕೋಳಿಕಳ್ಳನಾಗಿ ನಿಲ್ಲುವುದೇ? ಆದರೆ ಒಂದು ಆಸೆಯಿತ್ತು. ಹೋದ ವರ್ಷ ಅವಳೇ ಹಟ ಹಿಡಿದು ಅವನನ್ನು ಗಿರಾಕಿಗಳ ಸ್ಟೂಲಿನಲ್ಲಿ ಕೂರಿಸಿ, ಅವನು ತೋರಿಸಿದ ಗುಂಡಿ ಒತ್ತಿದ್ದಳು. ಅದು ಕಂಪ್ಯೂಟರಿನಲ್ಲಿದೆ.

"ಸಂಜೆಯೊಳಗೆ ಕೊಟ್ಟರೆ ಸೈ, ಇಲ್ಲದಿದ್ದರೆ ಚೀಟಿಯದೇ ಗತಿ" ಎಂದು ಚೌಕಟ್ಟಿನವನು ಹೋದ.

ಮೇಸ್ತ್ರಿ ಕಂಪ್ಯೂಟರಿನ ಗುಂಡಿ ಒತ್ತಿದ. ದೀಪ ಹತ್ತಿತು. ಒಳಗೆ ಫ್ಯಾನು ತಿರುಗಿತು. ಪೆಟ್ಟಿಗೆ ಒಂದು ಸಲ ಕುಂಯ್ ಎಂದಿತು. ಎಲ್ಲ ಸರಿ, ಪರದೆ ಮಾತ್ರ ಕಪ್ಪು. ಅದರ ಮೇಲೆ 'ಸಿಗ್ನಲ್ ಇಲ್ಲ' ಎಂಬ ಬರಹ ಆ ಮೂಲೆಯಿಂದ ಈ ಮೂಲೆಗೆ, ಕೆಲಸವಿಲ್ಲದ ಬೀಗರ ಹಾಗೆ ಓಡಾಡುತ್ತಿತ್ತು.

"ಯಜಮಾನ ಹೋದ ದುಃಖ ಅದಕ್ಕೂ ಇರುತ್ತೆ" ಎಂದಳು ತಂಗಿ, ಮೂಗೊರೆಸಿಕೊಳ್ಳುತ್ತ.

"ದುಃಖ ಗಿಃಖ ಏನೂ ಇಲ್ಲ, ಸ್ಕ್ರೀನು ಕೆಟ್ಟಿದೆ" ಎಂದು ಮೇಸ್ತ್ರಿ ತೀರ್ಪು ಕೊಟ್ಟ.

ಸ್ಕ್ರೀನನ್ನು ಹೊತ್ತುಕೊಂಡು ಪಕ್ಕದ ಟೈಪಿಂಗ್ ಅಂಗಡಿಗೆ ಹೋದರು. ಅಲ್ಲಿ ಅದು ಯಾರದೋ ಬಾಡಿಗೆ ಕರಾರನ್ನು ಕನ್ನಡಿಯ ಹಾಗೆ ತೋರಿಸಿತು. ವಾಪಸು ಹೊತ್ತು ತಂದರು. "ಹಾಗಾದರೆ ವೈರು" ಎಂದ ಮೇಸ್ತ್ರಿ, ಮೊದಲಿನ ತೀರ್ಪನ್ನು ತಾನು ಕೊಟ್ಟೇ ಇಲ್ಲವೇನೋ ಎಂಬಂತೆ. ಅಂಗಡಿಯವನ ವೈರು ತಂದು ಹಾಕಿದ್ದಾಯಿತು. ಸಿಗ್ನಲ್ ಇಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಬಂದ. ವಿಮೆ ಕಚೇರಿಯಲ್ಲಿ ಕೆಲಸ. ಸಾವಿನ ಮನೆಯಲ್ಲೂ ಜೀವವಿಮೆಯ ಮಾತು ಎತ್ತದೆ ಇರಲು ತುಟಿ ಬಿಗಿದುಕೊಂಡಿದ್ದ. ಬಾಯಿಗೆ ಬೇರೆ ಕೆಲಸ ಸಿಕ್ಕಿದ್ದು ಅವನ ಪುಣ್ಯ.

"ಒಳಗೆ ಮೆಮೊರಿ ಅಂತ ಒಂದು ಪಟ್ಟಿ ಇರುತ್ತೆ. ತೆಗೆದು ರಬ್ಬರಿನಲ್ಲಿ ಉಜ್ಜಬೇಕು. ನಮ್ಮ ಕಚೇರೀಲಿ ಹಾಗೇ ಮಾಡೋದು."

"ಉಜ್ಜಿದರೆ ಅದರಲ್ಲಿರೋದು ಅಳಿಸಿಹೋಗಲ್ವೇನೋ?" ಎಂದು ತಂಗಿ ಹೌಹಾರಿದಳು.

"ಸ್ಲೇಟು ಉಜ್ಜಿದ ಹಾಗಲ್ಲ ಇದು, ಸುಮ್ಮನಿರೇ" ಎಂದ ಮೇಸ್ತ್ರಿ, ಎಲ್ಲ ಬಲ್ಲವನಂತೆ.

ಕರೆಂಟು ತೆಗೆದು, ಪೆಟ್ಟಿಗೆ ಬಿಚ್ಚಿ, ಪಟ್ಟಿ ಎಳೆದು, ಉಜ್ಜಿ, ಊದಿ, ಟಕ್ಕೆಂದು ಕೂರಿಸಿದರು. ಚಿಕ್ಕಪ್ಪನ ಮಗ ಫೋನಿನಲ್ಲಿ ಓದಿ ಓದಿ ಹೇಳಿದ್ದನ್ನೆಲ್ಲ ಮಾಡಿದರು. ಪ್ಲಗ್ಗು ಕಿತ್ತು ಗುಂಡಿ ಒತ್ತಿ ಹಿಡಿದರು. ಒಳಗಿನ ಗುಂಡು ಬ್ಯಾಟರಿ ತೆಗೆದು ಹಾಕಿದರು. ಪೆಟ್ಟಿಗೆಯ ತಲೆಗೆ ಎರಡು ಏಟು ಬಿಟ್ಟರು. ಇದು ಫೋನಿನಲ್ಲಿ ಬರೆದಿರಲಿಲ್ಲ, ಮೇಸ್ತ್ರಿಯ ಸ್ವಂತ ಕೊಡುಗೆ. ಫ್ಯಾನು ತಿರುಗಿತು, ಕುಂಯ್ ಎಂದಿತು, ಸಿಗ್ನಲ್ ಇಲ್ಲ.

ಅಕ್ಕ ಮೂಲೆಯಲ್ಲಿ ಕುಳಿತು ಬಾಯೊಳಗೇ ಪ್ರಾರ್ಥಿಸುತ್ತಿದ್ದಳು. ಇಂಥ ಸಣ್ಣ ವಿಷಯಕ್ಕೆ ದೇವರನ್ನು ಕರೆಯಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ದೊಡ್ಡ ವಿಷಯವನ್ನು ಅವನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದ. ಸಣ್ಣದನ್ನಾದರೂ ಕೇಳಿ ಮಾಡಲಿ ಎಂಬುದು ಅವಳ ವಾದ.

"ಅವನಿಗೆ ಇದು ಕೆಟ್ಟರೆ ಒಬ್ಬ ರಿಪೇರಿಯವನು ಬರ್ತಿದ್ದ" ಎಂದಳು ಕೊನೆಗೆ. "ದೊಡ್ಡ ಊರಿನವನು. ಅಂಗಡಿ ನಂಬರು ಪೆಟ್ಟಿಗೆ ಮೇಲೇ ಅಂಟಿಸಿತ್ತಲ್ಲ."

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಅವನು ಉಗುರು ನೋಡಿಕೊಂಡ.

ಪುಣ್ಯಕ್ಕೆ ಟೈಪಿಂಗ್ ಅಂಗಡಿಯವನ ಬಳಿ ನಂಬರಿತ್ತು. ಮೇಸ್ತ್ರಿ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟ. ಸ್ಟುಡಿಯೋದ ಹೆಸರು ಕೇಳುತ್ತಲೇ ಆ ಕಡೆಯವನ ದನಿ ಅರಳಿತು.

"ಓಹೋ, ಏನಂತೆ ಮಹಾರಾಜರಿಗೆ? ಮತ್ತೆ ಕಾಫಿ ಚೆಲ್ಲಿದರಾ?"

"ಕಾಫಿ ಅಲ್ಲ. ಆನ್ ಆಗುತ್ತೆ, ಸ್ಕ್ರೀನಿಗೆ ಏನೂ ಬರಲ್ಲ."

"ಬೀಪ್ ಅನ್ನುತ್ತಾ?"

"ಒಂದು ಸಲ."

"ಕೀಬೋರ್ಡಿನಲ್ಲಿ ಕ್ಯಾಪ್ಸ್ ಗುಂಡಿ ಒತ್ತಿ. ದೀಪ ಹತ್ತಿ ಆರುತ್ತಾ?"

ಒತ್ತಿದರು. ಹತ್ತಿತು. ಆರಿತು.

"ಹಾಗಾದರೆ ಜೀವ ಇದೆ ಮಾರಾಯರೇ, ನಿಮಗೆ ಕಾಣ್ತಿಲ್ಲ ಅಷ್ಟೆ. ಒಂದು ಕೆಲಸ ಮಾಡಿ, ಅವರಿಗೇ ಕೊಡಿ ಫೋನು. ಆ ಡಬ್ಬಾನ ನನಗಿಂತ ಅವರು ಚೆನ್ನಾಗಿ ಬಲ್ಲರು. ನಿಮಗೆ ಹೇಳಿ ನಾನು ಯಾಕೆ ಗಂಟಲು ಹರಿದುಕೊಳ್ಳಲಿ?"

ಹುಟ್ಟಿನಿಂದ ಯಾವ ಮಾತಿಗೂ ತಡವರಿಸದ ಮೇಸ್ತ್ರಿ ಫೋನನ್ನು ಅಕ್ಕನ ಕಡೆ ಸರಿಸಿದ. ಅಕ್ಕ ಫೋನಿನ ಹತ್ತಿರ ಬಾಗಿ, "ಅವನು ಹೋಗಿಬಿಟ್ಟನಪ್ಪ. ನಾಳೆ ಪ್ರಾರ್ಥನೆ. ಅವನ ಫೋಟೋ ಅದರೊಳಗಿದೆ" ಎಂದಳು.

ಆ ಕಡೆ ಯಾವುದೋ ಗಿರಾಕಿ ಏನೋ ಕೇಳಿದ್ದು, ಇವನು "ಆಮೇಲೆ ಬನ್ನಿ" ಎಂದದ್ದು ಕೇಳಿಸಿತು. ಮತ್ತೆ ಮಾತಾಡಿದಾಗ ಅವನ ದನಿ ಇಳಿದಿತ್ತು.

"ಅಮ್ಮಾ, ಪೆಟ್ಟಿಗೆಯನ್ನ ಯಾರಾದರೂ ಜರುಗಿಸಿದರಾ?"

"ಜರುಗಿಸಿ, ತೊಳೆದು, ಜಡೆ ಹಾಕಿದ್ದಾರೆ."

"ಹಿಂದುಗಡೆ ನೋಡಿ. ಸ್ಕ್ರೀನಿನ ವೈರು ಹೋಗೋ ಕಿಂಡಿ ಎರಡಿರುತ್ತೆ, ಒಂದೇ ಥರದ್ದು. ಮೇಲಿನದಕ್ಕೆ ಕಪ್ಪು ಪಟ್ಟಿ ಅಂಟಿಸಿದ್ದೆವು, ಮರೆತು ಕೂಡ ಅಲ್ಲಿ ಚುಚ್ಚಬಾರದು ಅಂತ. ಚಿತ್ರದ ಕೆಲಸಕ್ಕೆ ಬೇರೆ ಕಾರ್ಡು ಹಾಕಿದೀವಿ. ಬೆಳಕೆಲ್ಲ ಕೆಳಗಿನ ಅಡ್ಡ ಕಿಂಡಿಯಿಂದ ಬರೋದು. ಪಟ್ಟಿ ಇದೆಯಾ?"

ಎಲ್ಲರೂ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು.

"ಅದು... ಅಂಟಂಟಾಗಿತ್ತು. ಕೊಳೆ ಅಂದುಕೊಂಡೆ" ಎಂದ ಮೇಸ್ತ್ರಿ, ಶಾಲೆಯ ಹುಡುಗನ ದನಿಯಲ್ಲಿ.

"ಬೆಳಿಗ್ಗೆಯಿಂದ ಅದರ ತಲೆಗೆ ಹೊಡೆದಿರಲ್ಲ ಭಾವ" ಎಂದ ಚಿಕ್ಕಪ್ಪನ ಮಗ. "ತಲೆ ಬೇರೆ ಕಡೆ ಇತ್ತು."

ಅಕ್ಕನ ಬಾಯಿಗೂ ಒಂದು ಚುರುಕು ಮಾತು ಬಂದಿತ್ತು. ಆದರೆ ವೈರು ಕಿತ್ತು ಕೆಳಗಿನ ಕಿಂಡಿಗೆ ಹಾಕುವಾಗ ಮೇಸ್ತ್ರಿ ಅದನ್ನು ಎರಡೆರಡು ಸಲ ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ನುಂಗಿಕೊಂಡಳು. ಪರದೆ ಕಣ್ಣು ಬಿಟ್ಟಿತು. ನೀಲಿ ಬೆಳಕು ಎಲ್ಲರ ಮುಖದ ಮೇಲೆ ಬಿತ್ತು. ಅಷ್ಟರಲ್ಲಿ ಮೇಸ್ತ್ರಿ, ಇಷ್ಟು ದಿನ ಪೊರಕೆಯಲ್ಲಿ ಗುಡಿಸಿ ಗುಡಿಸಿ ದೂಡಿದ್ದ ಅಳುವನ್ನು ಒಮ್ಮೆಲೇ ಬಿಟ್ಟ. ತಂಗಿ ಬೆಚ್ಚಿ ತನ್ನ ಅಳು ನಿಲ್ಲಿಸಿ ಅವನ ಬೆನ್ನು ಸವರಿದಳು.

ಕಂಪ್ಯೂಟರಿಗೆ ಬೀಗವಿರಲಿಲ್ಲ. ಚಿಕ್ಕಪ್ಪನ ಮಗ ಹೋದ ವರ್ಷದ ಚಿತ್ರಗಳಲ್ಲಿ ಹುಡುಕಿ ಅಕ್ಕ ತೆಗೆದದ್ದನ್ನು ತೆರೆದ. ಹಿಂದಿನ ಪರದೆಯ ಮಡಿಕೆಗಳು ಎಳೆಎಳೆಯಾಗಿ ಬಂದಿದ್ದವು. ತಮ್ಮನ ಅಂಗಿಯ ಗುಂಡಿಗಳೂ ಅಷ್ಟಿಷ್ಟು ಬಂದಿದ್ದವು. ಗಲ್ಲದಿಂದ ಮೇಲೆ ತಮ್ಮನಿರಲಿಲ್ಲ.

"ಚೆನ್ನಾಗಿದೆ, ಕೋಳಿಕಳ್ಳನಿಗೆ ತಲೆಯಾದರೂ ಇತ್ತು" ಎಂದಳು ಅಕ್ಕ. ನಗಬೇಕೆಂದಿದ್ದಳು, ಆಗಲಿಲ್ಲ. ಅವನು ಈ ಚಿತ್ರ ನೋಡಿ "ಬಹಳ ಚೆನ್ನಾಗಿ ಬಂದಿದೆ ಅಕ್ಕ" ಎಂದಿದ್ದನಲ್ಲ, ಆ ಸುಳ್ಳುಗಾರ.

"ಅಮ್ಮಾ" ಎಂದಿತು ಫೋನು. ರಿಪೇರಿಯವನು ಇನ್ನೂ ಇಟ್ಟಿರಲಿಲ್ಲ. "ಯಾವುದಾದರೂ ದಿನದ ಫೋಲ್ಡರು ತೆಗೆದು ಮೊದಲನೇ ಚಿತ್ರ ನೋಡಿ. ಗಿರಾಕಿ ಕೂರೋಕೆ ಮುಂಚೆ ಅವರೇ ಕೂತು ಒಂದು ತೆಗೆದುಕೊಳ್ತಿದ್ದರು, ದೀಪ ಸರಿ ಇದೆಯಾ ನೋಡೋಕೆ. ಕೆಟ್ಟ ನೆರಳು ಬೀಳೋದಾದರೆ ಮೊದಲು ನನ್ನ ಮೇಲೆ ಬೀಳಲಿ ಅನ್ನೋರು. ಡಿಸ್ಕು ತುಂಬಿಹೋಗಿದೆ, ಅವನ್ನಾದರೂ ಅಳಿಸಿ ಅಂತ ಎಷ್ಟು ಸಲ ಜಗಳ ಆಡಿದೀನಿ."

ತೆರೆದರು. ಸ್ಟೂಲಿನ ಮೇಲೆ ತಮ್ಮ, ಎದೆಗೆ ಬೆಳಕಿನ ಹದ ನೋಡುವ ಬೂದು ರಟ್ಟು ಹಿಡಿದು. ಇನ್ನೊಂದು ದಿನ ತೆರೆದರು. ಅದೇ ರಟ್ಟು, ಬೇರೆ ಅಂಗಿ. ಹಿಂದೆ ಹಿಂದೆ ಹೋದಂತೆ ತಲೆಯಲ್ಲಿ ಕೂದಲು ಹೆಚ್ಚಿತು, ಹೊಟ್ಟೆ ಇಳಿಯಿತು. ಇಷ್ಟು ಸಾವಿರ ಸಲ ಕುಳಿತವನು ಒಂದು ಸಲವೂ ನಕ್ಕಿರಲಿಲ್ಲ. ದೀಪವನ್ನು ಬೈಯುವವನ ಮುಖ. ಅಕ್ಕ ಒಂದನ್ನೂ ಬಿಡದೆ ನೋಡಿದಳು.

ಒಂದರಲ್ಲಿ ಮಾತ್ರ ರಟ್ಟಿರಲಿಲ್ಲ. ಅಂದು ಯಾರದೋ ಕೂಸಿನ ಮೊದಲ ಫೋಟೋ ಇದ್ದಿರಬೇಕು. ತಮ್ಮ ತೊಡೆಯ ಮೇಲೆ ಬಿಳಿ ದಿಂಬೊಂದನ್ನು ಕೂರಿಸಿಕೊಂಡು, ಅದಕ್ಕೆ ಕತ್ತು ನಿಲ್ಲದೆಂಬಂತೆ ಹಿಂದೆ ಅಂಗೈ ಕೊಟ್ಟು, ಅದರ ಕಡೆ ಬಾಗಿ ನಗುತ್ತಿದ್ದ.

"ಇದು" ಎಂದಳು ಅಕ್ಕ.

"ದಿಂಬು ಅಕ್ಕಾ!" ಎಂದ ಮೇಸ್ತ್ರಿ, ಕಣ್ಣೊರೆಸಿಕೊಳ್ಳುತ್ತಲೇ ಮೇಸ್ತ್ರಿಯಾಗಿ. "ಪ್ರಾರ್ಥನೆ ಸಭೇಲಿ ದಿಂಬು ಇಟ್ಟರೆ ಜನ ಏನಂತಾರೆ? ಮುಖ ಮಾತ್ರ ಕತ್ತರಿಸಿದರಾಯ್ತು."

"ಕತ್ತರಿಸಬೇಡ. ನಾಳೆ ಬರುವವರಲ್ಲಿ ಅರ್ಧ ಜನ ಆ ದಿಂಬಿನ ಜಾಗದಲ್ಲಿ ಕೂತವರೇ."

ಮೇಸ್ತ್ರಿ ಚಿತ್ರವನ್ನು ಚೌಕಟ್ಟಿನವನಿಗೆ ಒಯ್ದ. ಅಲ್ಲಿ ಅವನಿಗೆ ಮೊಳೆ ಹೊಡೆಯುವುದು ಹೇಗೆಂದು ಹೇಳಿಕೊಟ್ಟಿರಲಿಕ್ಕೂ ಸಾಕು.

ಕೋಣೆ ಖಾಲಿಯಾದ ಮೇಲೆ ಅಕ್ಕ ಪರದೆಯ ಮುಂದೆ ಕೈಮುಗಿದು ಕುಳಿತಳು. ಬೆಳಿಗ್ಗೆಯಿಂದ ದೇವರೊಡನೆ ಹೂಡಿದ್ದ ವಾದವನ್ನು ಅಲ್ಲಿಗೆ ಬಿಟ್ಟಳು. ತಂದೆಯೇ, ಅವನು ಬಂದಿದ್ದಾನೆ. ಊಟ ಮಾಡದೆ ಬಂದಿದ್ದಾನೆ, ಆ ಮದುವೆಯಲ್ಲಿ ಬೆಳಗ್ಗಿನಿಂದ ನಿಂತೇ ಇದ್ದ. ನಿನ್ನ ಮನೆಯಲ್ಲಿ ಬೆಳಕು ಸರಿಯಿದೆಯೇ ಎಂದು ನೋಡಲು ಎದ್ದರೆ ಬಿಡಬೇಡ, ಕೂರಿಸು. ಅವನ ದಣಿವು ತೆಗೆ. ನಾವು ಮಾಡಿದ ಗದ್ದಲ ಅವನ ಕಿವಿಗೆ ಬೀಳದಿರಲಿ. ನನ್ನ ತಮ್ಮನಿಗೆ ನಿನ್ನ ಸನ್ನಿಧಿಯಲ್ಲಿ ಶಾಂತಿ ಕೊಡು.